ಒಡವೆ ಜೊತೆಗೆ ಊರಿಗೆ ಹೊರಟಾಗ: ಲಾಕರ್‌ನಿಂದ ಛತ್ರಕ್ಕೆ, ಛತ್ರದಿಂದ ಲಾಕರ್‌ಗೆ

ಆಷಾಢ ಮುಗಿದು ಶ್ರಾವಣ ಬಂತೆಂದರೆ ಮಂಡ್ಯ, ಮೈಸೂರಿನ ಛತ್ರಗಳೆಲ್ಲ ಭರ್ತಿ. ಬ್ಯಾಂಕಿನ ಲಾಕರ್ ಕೋಣೆಯ ಮುಂದೆಯೂ ಜನ. ವರ್ಷವಿಡೀ ಕತ್ತಲಲ್ಲಿದ್ದ ಸರ, ಬಳೆ, ಜುಮುಕಿ ಎಲ್ಲ ಹೊರಗೆ ಬಂದು ಬಸ್ಸು, ರೈಲು, ಕಾರು ಹತ್ತುತ್ತವೆ.

ನಮ್ಮ ಮನೆಯ ಒಡವೆಗಳು ಅಜ್ಜಿಯ ಕಾಲದಿಂದ ಹೀಗೆ ಊರಿಂದ ಊರಿಗೆ ಹೋಗಿ ಬಂದಿವೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಕಳ್ಳರ ಭಯ ಇರಬೇಕು, ನಿಜ. ಆದರೆ ನಮ್ಮ ಮನೆಯಲ್ಲಿ ಒಡವೆ ಕೈ ತಪ್ಪಿದ್ದೆಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೇ. "ಅಕ್ಕನ ಹತ್ರ ಇರಬೇಕು" ಅಂತ ತಂಗಿ, "ತಂಗಿ ಎತ್ತಿಟ್ಟಿರ್ತಾಳೆ" ಅಂತ ಅಕ್ಕ. ಅದಕ್ಕೇ ಇಲ್ಲಿ ನಾನು ಬೀಗ, ಪೆಟ್ಟಿಗೆಗಿಂತ ಎಣಿಕೆಯ ಬಗ್ಗೆ ಜಾಸ್ತಿ ಹೇಳುತ್ತೇನೆ.

ಮೇಲುಕೋಟೆಯ ವೈರಮುಡಿಯನ್ನೇ ನೋಡಿ. ಚೆಲುವನಾರಾಯಣಸ್ವಾಮಿಯ ಆ ಕಿರೀಟ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೋಗುತ್ತದೆ. ಅಧಿಕಾರಿಗಳು, ದೇವಸ್ಥಾನದವರು ಎದುರಿಗಿದ್ದು, ಪರಿಶೀಲಿಸಿ ಒಪ್ಪಿಸಿಕೊಳ್ಳುತ್ತಾರೆ. ಉತ್ಸವ ಮುಗಿದ ಮೇಲೆ ಮತ್ತೆ ಖಜಾನೆಗೆ. ದೇವರ ಒಡವೆಗೇ ಇಷ್ಟು ಲೆಕ್ಕ ಇಟ್ಟಿರುವಾಗ ನಮ್ಮ ಒಡವೆಗೆ ಒಂದು ಚೀಟಿಯಾದರೂ ಬೇಡ್ವಾ?

ಮೊದಲು, ಏನನ್ನು ಒಯ್ಯಬೇಕು ಎಂದು ತೀರ್ಮಾನಿಸಿ

ಲಾಕರ್‌ಗೆ ಹೋಗುವ ಮುಂಚೆ ಸೀರೆಗಳನ್ನು ಮಂಚದ ಮೇಲೆ ಹರಡಿ. ಆರತಕ್ಷತೆಗೆ ಯಾವ ಸೀರೆ, ಮುಹೂರ್ತಕ್ಕೆ ಯಾವುದು, ಬೀಗರೂಟಕ್ಕೆ ಯಾವುದು ಎಂದು ಗೊತ್ತಾದರೆ ಒಡವೆ ತಾನಾಗಿ ಗೊತ್ತಾಗುತ್ತದೆ. "ಇರಲಿ, ಬೇಕಾಗಬಹುದು" ಅಂತ ಸೇರಿಸಿದ್ದೇ ಎಲ್ಲರಿಗೂ ತಲೆನೋವು. ಹಾಕಿಕೊಳ್ಳದ ಒಡವೆಯನ್ನು ಎರಡು ದಿನ ಕಾಯುವುದು ಹಾಕಿಕೊಂಡಿದ್ದನ್ನು ಕಾಯುವುದಕ್ಕಿಂತ ಕಷ್ಟ.

ಆಮೇಲೆ ಬ್ಯಾಂಕಿನ ದಿನ ಲೆಕ್ಕ ಹಾಕಿ. ಎರಡನೇ ಮತ್ತು ನಾಲ್ಕನೇ ಶನಿವಾರ, ಎಲ್ಲ ಭಾನುವಾರ ಬ್ಯಾಂಕ್ ಇಲ್ಲ. ರಜೆಯ ಶನಿವಾರದ ಮರುದಿನ ಭಾನುವಾರ ಮದುವೆ ಇದ್ದರೆ ಶುಕ್ರವಾರವೇ ತೆಗೆಯಬೇಕು. ಸೋಮವಾರ ವಾಪಸ್ ಇಡಬೇಕು. ಆ ಮೂರು ರಾತ್ರಿ ಒಡವೆ ಎಲ್ಲಿರುತ್ತದೆ ಎಂದು ಈಗಲೇ ಮಾತಾಡಿಕೊಳ್ಳಿ.

ಒಳಗೆ ಉಳಿದಿದ್ದರ ಬಗ್ಗೆಯೂ ಒಂದು ಮಾತು. ಲಾಕರ್‌ನಲ್ಲಿ ಏನಿದೆ ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ 2022ರ ಜನವರಿ 1ರಿಂದ ಬದಲಾಗಿದೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕಿನ ನೌಕರರ ಮೋಸದಿಂದ ನಷ್ಟವಾದರೆ ಲಾಕರ್‌ನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ, ಅಷ್ಟೇ. ಈಗಿನ ಚಿನ್ನದ ಬೆಲೆಗೆ ಅದು ಒಂದು ಸರಕ್ಕೂ ಸಾಲದು. ಆದ್ದರಿಂದ ವಿಮೆ ಇದ್ದರೆ ಒಳ್ಳೆಯದು. ವಿಮೆ ಮಾಡಿಸುವಾಗ ಒಂದೇ ಪ್ರಶ್ನೆ ಬಿಡದೆ ಕೇಳಿ: ಮನೆಯೊಳಗೆ ಇದ್ದಾಗ ಮಾತ್ರವಾ, ಹಾಕಿಕೊಂಡು ಹೊರಗೆ ಹೋದಾಗಲೂ ಅನ್ವಯಿಸುತ್ತಾ? ಉತ್ತರವನ್ನು ಪಾಲಿಸಿ ಕಾಗದದಲ್ಲಿ ತೋರಿಸಲು ಹೇಳಿ.

ಕೊಂಡಿ ನೋಡಿ

ಒಂದು ವಾರ ಮುಂಚೆ ಈ ಕೆಲಸ ಮಾಡಿ. ಬೆಳಕಿರುವ ಕಡೆ ಕೂತು, ಸರವನ್ನು ಅಂಗೈ ಮೇಲೆ ಇಟ್ಟುಕೊಂಡು ಹಿಂದಿನ ಕೊಂಡಿಯನ್ನೇ ನೋಡಿ. ಎಸ್ ಆಕಾರದ ಕೊಂಡಿಯಾದರೆ ಅದರ ಬಾಗಿದ ಒಳಭಾಗಕ್ಕೆ ಉಗುರು ತಾಗಿಸಿ. ದಿನಾ ಉಜ್ಜಿ ಉಜ್ಜಿ ಅಲ್ಲಿ ಚಿನ್ನ ಸವೆದು, ಹೊರಗಿನಿಂದ ದಪ್ಪ ಕಂಡರೂ ಒಳಗೆ ಕಾಗದದಷ್ಟು ಆಗಿರುತ್ತದೆ. ನನ್ನ ಮಾಂಗಲ್ಯ ಸರ ಒಮ್ಮೆ ಹಾಗೇ ಆಗಿತ್ತು. ನೋಡಲು ಗಟ್ಟಿಮುಟ್ಟಾಗಿತ್ತು, ಬೆರಳಲ್ಲಿ ಸ್ವಲ್ಪ ಒತ್ತಿದ್ದಕ್ಕೆ ಬಾಯಿ ತೆರೆದುಕೊಂಡಿತು. ತಾಳಿಯನ್ನು ಸರಕ್ಕೆ ಸೇರಿಸುವ ಚಿಕ್ಕ ಬಳೆಯಂಥ ಕೊಂಡಿಯೂ ಹೀಗೇ ಸವೆಯುತ್ತದೆ. ಸರ ಕತ್ತಿನಲ್ಲೇ ಇರುತ್ತದೆ, ತಾಳಿ ಮಾತ್ರ ಬಿದ್ದುಹೋಗುತ್ತದೆ. ಜುಮುಕಿಯ ತಿರುಪು ಸಡಿಲವಾಗಿದೆಯಾ, ಬಳೆಯ ತಿರುಪು ಪೂರ್ತಿ ಕೂರುತ್ತಾ, ಅದನ್ನೂ ನೋಡಿ.

ಸವೆದಿದ್ದರೆ ಗೊತ್ತಿರುವ ಆಚಾರ್ರ (ಅಕ್ಕಸಾಲಿಗರ) ಹತ್ತಿರ ಹೋಗಿ. ಮೈಸೂರಿನ ಅಶೋಕ ರಸ್ತೆ ಇರಲಿ, ಮಂಡ್ಯದ ಪೇಟೆ ಬೀದಿ ಇರಲಿ, ಕೊಡುವ ಮುಂಚೆ ತೂಕ, ಬೆಸುಗೆ ಆದ ಮೇಲೆ ತೂಕ, ಎರಡನ್ನೂ ಬರೆಸಿಕೊಳ್ಳಿ. ಕೆಲಸ ಮುಗಿಯುವ ತನಕ ಎದುರಿಗೇ ಕೂತಿರಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆ ಬಾಗಿಲಿಗೆ ಬಂದು "ಒಡವೆ ಪಾಲಿಶ್ ಮಾಡಿಕೊಡ್ತೀವಿ" ಅನ್ನುವವರಿಗೆ ಮಾತ್ರ ಗೇಟು ತೆಗೆಯಬೇಡಿ. ಅವರ ಬಟ್ಟಲಿನಲ್ಲಿ ಚಿನ್ನವನ್ನೇ ಕರಗಿಸುವ ಆಮ್ಲದ ಮಿಶ್ರಣ ಇರಬಹುದು. ಒಡವೆ ಥಳಥಳ ಹೊಳೆಯುತ್ತದೆ, ಗ್ರಾಂಗಟ್ಟಲೆ ಚಿನ್ನ ಆ ನೀರಿನಲ್ಲೇ ಉಳಿದುಬಿಡುತ್ತದೆ. ಹೊಳಪು ಬೇಕಿದ್ದರೆ ಅಂಟುವಾಳಕಾಯಿ ನೆನೆಸಿದ ಬೆಚ್ಚನೆ ನೀರು, ಮೆತ್ತನೆಯ ಬ್ರಷ್ ಸಾಕು. ಮುತ್ತು, ಹವಳಕ್ಕೆ ಅದೂ ಬೇಡ, ಬರೀ ಬಟ್ಟೆಯಲ್ಲಿ ಒರೆಸಿ.

ಪಟ್ಟಿ ಮತ್ತು ಫೋಟೋ

ಒಂದು ಚಿಕ್ಕ ಪುಸ್ತಕ ತೆಗೆದುಕೊಂಡು ಒಂದೊಂದೇ ಒಡವೆ ಬರೆಯಿರಿ. ಹೆಸರು, ತೂಕ, ಗುರುತು. ಹೊಸ ಒಡವೆಯಾದರೆ ಅದರ ಮೇಲೆ ಅಕ್ಷರ, ಅಂಕಿ ಸೇರಿ ಒಟ್ಟು 6 ಇರುವ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತಿನ ಸಂಖ್ಯೆ ಇರುತ್ತದೆ. 2023ರ ಏಪ್ರಿಲ್ 1ರಿಂದ ಆ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬರಿಗಣ್ಣಿಗೆ ಕಾಣುವುದು ಕಷ್ಟ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ, ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಒಡವೆಯ ವಿವರ ಬರುತ್ತದೆ. ಒಂದೊಂದು ಒಡವೆಗೂ ಬೇರೆ ಬೇರೆ ಸಂಖ್ಯೆ ಇರುವುದರಿಂದ ಪೊಲೀಸರಿಗೆ ಹೇಳಲು ಇದಕ್ಕಿಂತ ಒಳ್ಳೆ ಗುರುತಿಲ್ಲ.

ಅಜ್ಜಿ ಕಾಲದ ಒಡವೆಗೆ ಇದ್ಯಾವುದೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ. ಅದಕ್ಕೆ ಅದರ ಊನವೇ ಗುರುತು. "ಎಡಗಡೆಯಿಂದ ಮೂರನೇ ಕೆಂಪು ಹರಳಿನ ಬಣ್ಣ ಮಾಸಿದೆ", "ಹಿಂದೆ ಬೆಸುಗೆ ಹಾಕಿದ ಕಪ್ಪು ಚುಕ್ಕೆ ಇದೆ" ಎಂದು ಬರೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮುಂದೆ, ಹಿಂದೆ, ಕೊಂಡಿ, ಮೂರು ಫೋಟೋ ತೆಗೆಯಿರಿ. ನಾಣ್ಯ ಇದ್ದರೆ ಅಳತೆ ತಿಳಿಯುತ್ತದೆ. ಈ ಫೋಟೋಗಳು ಇಬ್ಬರ ಫೋನಿನಲ್ಲಿರಲಿ. ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಬೇಡ.

ಕೊನೆಗೆ ಒಟ್ಟು ಎಷ್ಟು ಎಂದು ಒಂದೇ ಸಂಖ್ಯೆ ಬರೆಯಿರಿ. ಜುಮುಕಿಯನ್ನು ಜೋಡಿ ಎಂದು ಲೆಕ್ಕ ಹಾಕಬೇಡಿ, ಎರಡು ಎಂದೇ ಹಾಕಿ. ನಮ್ಮದು ಸಾಮಾನ್ಯವಾಗಿ ಹೀಗಿರುತ್ತದೆ: ಬಳೆ 4, ಜುಮುಕಿ 2, ಸರ 2, ನೆಕ್ಲೇಸ್ 1, ವಂಕಿ 1, ಜಡೆಬಿಲ್ಲೆ 1. ಒಟ್ಟು 11. ಆಮೇಲೆ ಊರಿಗೆ ಹೋಗಿ ಬರುವ ತನಕ ಆ 11 ಒಂದೇ ನೆನಪಿದ್ದರೆ ಸಾಕು. ಮೈಮೇಲೆ 4 ಇದ್ದರೆ ಚೀಲದಲ್ಲಿ 7 ಇರಬೇಕು. ಪಟ್ಟಿ ತೆಗೆದು ಓದುವಷ್ಟು ಪುರಸೊತ್ತು ಮದುವೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ, ಎಣಿಸುವಷ್ಟು ಇರುತ್ತದೆ.

ಅಜ್ಜಿಯ ಸಂಚಿ

ನಮ್ಮ ಅಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ. ತೀರಾ ಒಳಗಿನ ಪದರದಲ್ಲಿ ನೋಟು, ಊರಿಗೆ ಹೊರಟಾಗ ಓಲೆ. ಮೇಲಿಂದ ನೋಡಿದವರಿಗೆ ಎಲೆಅಡಿಕೆ ವಾಸನೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಅದನ್ನೇ ನೋಡಿಕೊಂಡು ನಾನು ನಮ್ಮ ಬೀದಿಯ ಟೈಲರ್ ಹತ್ತಿರ ಒಂದು ಚೀಲ ಹೊಲಿಸಿಕೊಂಡೆ. ನೀವೂ ಹೊಲಿಸಿಕೊಳ್ಳಬಹುದು. ದಪ್ಪ ಕಾಟನ್ ಬಟ್ಟೆ, ಸುಮಾರು 8 ಇಂಚು ಉದ್ದ, 5 ಇಂಚು ಅಗಲ. ಒಳಗೆ ಹಳೇ ಮೃದು ಪಂಚೆ ಬಟ್ಟೆಯ ನಾಲ್ಕು ಪದರ. ಮೇಲೆ ಜಿಪ್. ಎರಡು ಕಡೆ ಉದ್ದನೆಯ ಲಾಡಿ, ಸೊಂಟಕ್ಕೆ ಎರಡು ಸುತ್ತು ಬರುವಷ್ಟು. ಲಂಗದ ಮೇಲೆ ಕಟ್ಟಿ, ಅದರ ಮೇಲೆ ಸೀರೆ ಉಟ್ಟರೆ ಹೊರಗೆ ಕಾಣುವುದಿಲ್ಲ. ಚೂಡಿದಾರ್ ಹಾಕುವವರು ಟಾಪ್ ಒಳಗೆ ಕಟ್ಟಿಕೊಳ್ಳಬಹುದು. ಒಂದು ಪದರಕ್ಕೆ ಒಂದೇ ಒಡವೆ. ಸರಗಳು ಒಂದಕ್ಕೊಂದು ತಾಗಿದರೆ ಗೀರು ಬೀಳುತ್ತದೆ, ಸಿಕ್ಕಾಗುತ್ತದೆ. ತೆಳ್ಳಗಿನ ಸರ ಸಿಕ್ಕಾಗದಿರಲು ಜ್ಯೂಸ್ ಕುಡಿಯುವ ಸ್ಟ್ರಾ ಒಳಗೆ ತೂರಿಸಿ ಕೊಂಡಿ ಹಾಕಿಬಿಡಿ. ಜುಮುಕಿಗೆ ಅದರ ತಿರುಪು ಹಾಕಿಯೇ ಇಡಿ. ಬಿಡಿ ತಿರುಪು ಅಂದರೆ ಕಳೆದುಹೋದ ಹಾಗೇ ಲೆಕ್ಕ.

ಬಳೆ, ವಂಕಿ, ದಪ್ಪ ಹಾರ ಇದರಲ್ಲಿ ಹಿಡಿಯುವುದಿಲ್ಲ. ಅವನ್ನು ಮೆತ್ತನೆಯ ಟವೆಲ್‌ನಲ್ಲಿ ಸುತ್ತಿ, ಹಳೇ ಸ್ಟೀಲ್ ಟಿಫನ್ ಡಬ್ಬಿಯಲ್ಲಿಟ್ಟು, ಕೈಚೀಲದ ತಳಕ್ಕೆ ಹಾಕಿ. ಮೇಲೆ ಒಂದು ನೀರಿನ ಬಾಟ್ಲು, ಎರಡು ಕಿತ್ತಳೆ. ಅಂಗಡಿಯವರು ಕೊಟ್ಟ ಕೆಂಪು ಮಖಮಲ್ ಪೆಟ್ಟಿಗೆ, ಅಂಗಡಿ ಹೆಸರಿರುವ ಚೀಲ ಮನೆಯಲ್ಲೇ ಇರಲಿ. ಅವು ದೂರದಿಂದಲೇ ಒಳಗಿರುವುದನ್ನು ಹೇಳಿಬಿಡುತ್ತವೆ.

ದಾರಿಯಲ್ಲಿ

ಪ್ರಯಾಣದಲ್ಲಿ ಕತ್ತು ಖಾಲಿ ಇದ್ದಷ್ಟೂ ಒಳ್ಳೆಯದು. ತಾಳಿ ತೆಗೆಯಲು ಎಲ್ಲರಿಗೂ ಮನಸ್ಸು ಬರುವುದಿಲ್ಲ, ಅದು ಅವರವರ ಮನೆ ಪದ್ಧತಿ. ದೂರ ಹೋಗುವಾಗ ಕೆಲವರು ತಾಳಿ ಗುಂಡನ್ನು ಅರಿಶಿನ ದಾರಕ್ಕೆ ಪೋಣಿಸಿಕೊಂಡು ಚಿನ್ನದ ಸರವನ್ನು ಒಳಗಿಡುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಸರ ಹಾಕಲೇಬೇಕಿದ್ದರೆ ರವಿಕೆಯ ಒಳಗೆ ಸೇರಿಸಿ, ಹಿಂದೆ ಒಂದು ಪಿನ್ನು ಹಾಕಿ, ಸೆರಗು ಹೊದ್ದುಕೊಳ್ಳಿ. "ಒನ್ ಗ್ರಾಮ್ ಗೋಲ್ಡ್ ತಾನೇ" ಅಂತ ಹೊರಗೆ ಬಿಡಬೇಡಿ. ಎಳೆಯುವವನು ಪರೀಕ್ಷೆ ಮಾಡಿ ಎಳೆಯುವುದಿಲ್ಲ. ಕತ್ತಿಗಾಗುವ ಗಾಯ ಎರಡಕ್ಕೂ ಒಂದೇ.

ಬಸ್ಸಿನಲ್ಲಿ ಅಪಾಯದ ಹೊತ್ತು ಅಂದರೆ ಬಾಗಿಲಿನ ನೂಕುನುಗ್ಗಲು. ಮೈಸೂರಿನ ಸಬರ್ಬನ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ದಿನ ನಿಂತವರಿಗೆ ಹೇಳಬೇಕಾಗಿಲ್ಲ. ಎಲ್ಲರ ಕಣ್ಣೂ ಸೀಟಿನ ಮೇಲೆ, ಎರಡೂ ಕೈ ಕಂಬಿಯ ಮೇಲೆ, ಚೀಲ ಬೆನ್ನ ಹಿಂದೆ. ಜಿಪ್ ತೆಗೆಯಲು ಅಷ್ಟು ಸಾಕು. ಚೀಲವನ್ನು ಎದೆಯ ಮುಂದೆ ತಂದುಕೊಂಡು ಹತ್ತಿ. ನೂಕಾಟ ಜಾಸ್ತಿ ಅನ್ನಿಸಿದರೆ ಆ ಬಸ್ಸು ಬಿಟ್ಟುಬಿಡಿ, ಮೈಸೂರು ಮಂಡ್ಯ ನಡುವೆ ಬಸ್ಸಿಗೆ ಬರವಿಲ್ಲ. ಸೀಟು ಸಿಕ್ಕ ಮೇಲೆ ಚೀಲ ತೊಡೆಯ ಮೇಲಿರಲಿ, ತಲೆ ಮೇಲಿನ ಕ್ಯಾರಿಯರ್‌ಗೂ ಬೇಡ, ಡಿಕ್ಕಿಗೂ ಬೇಡ. ಕಿಟಕಿ ಪಕ್ಕ ಕೂತರೆ ಸೆರಗು ಎಳೆದುಕೊಳ್ಳಿ.

ರೈಲಿನಲ್ಲಿ ಕಿಟಕಿಯ ಎಚ್ಚರ ಇನ್ನೂ ಜಾಸ್ತಿ ಬೇಕು. ರೈಲು ಆಗತಾನೇ ಹೊರಡುವಾಗ ಪ್ಲಾಟ್‌ಫಾರ್ಮ್ ಕಡೆಯಿಂದ ಕೈ ಹಾಕಿ ಸರ ಎಳೆದರೆ ಇಳಿದು ಹಿಡಿಯಲು ಆಗುವುದಿಲ್ಲ. ರಾತ್ರಿ ರೈಲಿನಲ್ಲಿ ಸೊಂಟದ ಚೀಲ ಸೊಂಟದಲ್ಲೇ ಇರಲಿ, ಡಬ್ಬಿ ಇರುವ ಕೈಚೀಲ ತಲೆಯ ಕೆಳಗೆ. 1989ರ ರೈಲ್ವೆ ಕಾಯ್ದೆಯ ಪ್ರಕಾರ ನೀವು ಕೈಯಲ್ಲಿ ಒಯ್ಯುವ ಲಗೇಜಿಗೆ ರೈಲ್ವೆ ಹೊಣೆಯಾಗುವುದು ಅವರ ಸಿಬ್ಬಂದಿಯ ತಪ್ಪು ಅಥವಾ ನಿರ್ಲಕ್ಷ್ಯದಿಂದ ಹೋಯಿತು ಎಂದು ಸಾಬೀತಾದರೆ ಮಾತ್ರ.

ಕಾರಿನಲ್ಲಿ ಹೋಗುವವರು ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಚೀಲವನ್ನು ಇಳಿಸಿಕೊಳ್ಳಿ. ಎಲ್ಲರೂ ಇಳಿಯಬೇಡಿ ಎಂದು ಹೇಳಿದರೂ ಎಲ್ಲರೂ ಇಳಿಯುತ್ತಾರೆ. ವಿಮಾನದಲ್ಲಾದರೆ ಒಡವೆ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಲಗೇಜಿಗೆ ಯಾವತ್ತೂ ಹಾಕಬೇಡಿ. ಚುನಾವಣೆಯ ಸಮಯವಾದರೆ ಚೆಕ್‌ಪೋಸ್ಟ್‌ಗಳಲ್ಲಿ ತಪಾಸಣೆ ಇರುತ್ತದೆ. ಬಿಲ್ಲಿನ ಜೆರಾಕ್ಸ್ ಮತ್ತು ಮದುವೆ ಪತ್ರಿಕೆ ಜೊತೆಯಲ್ಲಿರಲಿ.

ಯಾರಾದರೂ "ನಾವು ಪೊಲೀಸ್, ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಪೇಪರ್‌ನಲ್ಲಿ ಕಟ್ಟಿಕೊಳ್ಳಿ ಅಮ್ಮಾ" ಅಂದರೆ ಅವರು ಪೊಲೀಸರಲ್ಲ. ಪೊಲೀಸರು ರಸ್ತೆಯಲ್ಲಿ ಒಡವೆ ಬಿಚ್ಚಿಸಿ ಪೊಟ್ಟಣ ಕಟ್ಟಿಕೊಡುವುದಿಲ್ಲ. ಆ ಪೊಟ್ಟಣ ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲಿರುತ್ತದೆ. ವಯಸ್ಸಾದ ಅಮ್ಮ, ಅತ್ತೆ ಒಬ್ಬರೇ ಹೋಗುವಾಗ ಇದನ್ನು ಕೂರಿಸಿಕೊಂಡು ಹೇಳಿ. "ನಿಮ್ಮ ದುಡ್ಡು ಬಿದ್ದಿದೆ", "ಸೀರೆಗೆ ಗಲೀಜಾಗಿದೆ" ಎಂದು ಗಮನ ಬೇರೆಡೆಗೆ ಎಳೆಯುವುದೂ ಇದೇ ಜಾತಿ. ಬಗ್ಗಿ ನೋಡುವ ಮುಂಚೆ ಚೀಲದ ಮೇಲೆ ಕೈ ಇಡಿ.

ಛತ್ರದಲ್ಲಿ

ನನಗೆ ಎಣಿಕೆಯ ಪಾಠ ಕಲಿಸಿದ್ದು ನಮ್ಮ ತಂಗಿಯ ಮದುವೆ. ಆರತಕ್ಷತೆಗೆ ಅವಳಿಗೆ ಮಲ್ಲಿಗೆ ಮೊಗ್ಗಿನ ಜಡೆ ಹೆಣೆದು, ನಡುವೆ ಅಜ್ಜಿಯ ಕೆಂಪು ಹರಳಿನ ಜಡೆಬಿಲ್ಲೆ ಸಿಕ್ಕಿಸಿದ್ದೆವು. ರಾತ್ರಿ ಹನ್ನೊಂದು ಗಂಟೆಗೆ ಅವಳು ತಲೆನೋವು ಅಂದಳು. ಯಾರೋ ಜಡೆ ಬಿಚ್ಚಿದರು. ಇನ್ಯಾರೋ ಬಾಡಿದ ಹೂವೆಲ್ಲ ಗುಡಿಸಿ ಚೀಲಕ್ಕೆ ತುಂಬಿದರು. ಬೆಳಗಿನ ಜಾವ ಮುಹೂರ್ತಕ್ಕೆ ತಲೆ ಬಾಚುವಾಗ ಬಿಲ್ಲೆ ಇಲ್ಲ. ಅಮ್ಮ ಅಳುವುದು, ಒಬ್ಬರ ಮುಖ ಒಬ್ಬರು ನೋಡುವುದು. ಪಾತ್ರೆ ತೊಳೆಯಲು ಬಂದಿದ್ದ ಹೆಂಗಸಿನ ಮೇಲೂ ಒಂದು ಮಾತು ಬಂತು. ಇಂದಿಗೂ ಅದು ನನಗೆ ನೋವು. ಕೊನೆಗೆ ಛತ್ರದ ಹಿಂದೆ, ಬಾಳೆಲೆ ರಾಶಿಯ ಪಕ್ಕದ ಗೋಣಿಚೀಲದಲ್ಲಿ ಹುಡುಕಿ ಕೊಟ್ಟಿದ್ದು ಅದೇ ಹೆಂಗಸು. ಮೊಗ್ಗಿನ ಜಡೆ ಹಾಗೇ ಇತ್ತು. ಕಂದಿದ ಮೊಗ್ಗುಗಳ ನಡುವೆ ಬಿಲ್ಲೆ ಅಂಟಿಕೊಂಡಿತ್ತು.

ಯಾರೂ ಕದ್ದಿರಲಿಲ್ಲ, ಯಾರೂ ಎಣಿಸಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಬ್ಬರಿಗೇ ಒಡವೆಯ ಜವಾಬ್ದಾರಿ. ಮದುಮಗಳ ಅಮ್ಮನಿಗೆ ಬೇಡ, ಅವರಿಗೆ ನೂರು ಕೆಲಸ. ಚಿಕ್ಕಮ್ಮನೋ ಸೋದರತ್ತೆಯೋ, ಸುಮ್ನೆ ಒಂದು ಕಡೆ ಕೂರಬಲ್ಲವರು ಇರಲಿ. ಒಡವೆ ಕೊಡುವುದು, ತೆಗೆದುಕೊಳ್ಳುವುದು ಅವರೊಬ್ಬರೇ. ಬಿಚ್ಚಿದ ಒಡವೆ ನೇರವಾಗಿ ಅವರ ಅಂಗೈಗೆ ಹೋಗಬೇಕು. ಕಿಟಕಿ ಕಟ್ಟೆ, ಕನ್ನಡಿ ಮುಂದೆ, ದಿಂಬಿನ ಕೆಳಗೆ, ಕರವಸ್ತ್ರದಲ್ಲಿ ಸುತ್ತಿ "ಆಮೇಲೆ ಎತ್ತಿಟ್ಟರಾಯ್ತು", ಇವು ಯಾವುವೂ ಬೇಡ. ಹೂವು ಬಿಸಾಡುವ ಮುಂಚೆ, ಸೀರೆ ಮಡಚುವ ಮುಂಚೆ, ಕೋಣೆ ಗುಡಿಸುವ ಮುಂಚೆ ಒಮ್ಮೆ ಎಣಿಕೆ. 11 ಬಂದರೆ ಮಾತ್ರ ಪೊರಕೆ ಒಳಗೆ ಬರಲಿ.

ಛತ್ರದ ಕೋಣೆಗಳ ಬೀಗಕ್ಕೆ ಎಷ್ಟು ಕೀಲಿ ಇವೆಯೋ ಯಾರಿಗೆ ಗೊತ್ತು? ಮನೆಯಿಂದ ಒಂದು ಗಟ್ಟಿ ಬೀಗ ತೆಗೆದುಕೊಂಡು ಹೋಗಿ. ಧಾರೆಯ ಹೊತ್ತಿಗೆ ಎಲ್ಲರೂ ಮಂಟಪದ ಹತ್ತಿರ ಓಡುತ್ತಾರೆ, ಕೋಣೆಯಲ್ಲಿ ಯಾರೂ ಇರುವುದಿಲ್ಲ. ಆಗ ಒಡವೆ ಚೀಲ ಕೋಣೆಯಲ್ಲಿರಬಾರದು, ಸೋದರತ್ತೆಯ ಸೊಂಟದಲ್ಲಿರಬೇಕು. ಲಾಡ್ಜಿನಲ್ಲಿ ಉಳಿದರೂ ಇದೇ ಲೆಕ್ಕ. "ಮದುವೆಗೆ ಬಂದ್ವಿ" ಎಂಬ ಫೋಟೋಗಳು ಮನೆಗೆ ವಾಪಸಾದ ಮೇಲೆ ಸ್ಟೇಟಸ್‌ಗೆ ಹೋಗಲಿ.

ಮದುವೆ ಮುಗಿಸಿಕೊಂಡು ನಿಮಿಷಾಂಬ ದೇವಸ್ಥಾನಕ್ಕೋ ಚಾಮುಂಡಿ ಬೆಟ್ಟಕ್ಕೋ ಹೋಗುವುದು ನಮ್ಮ ಕಡೆ ರೂಢಿ. ಒಡವೆ ಹಾಕಿಕೊಂಡೇ ಸಾಲಿನಲ್ಲಿ ನಿಲ್ಲಬೇಡಿ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮುಳುಗುವ ಮುಂಚೆ ಉಂಗುರ ತೆಗೆಯಿರಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಬಿಗಿಯಾಗಿದ್ದ ಉಂಗುರವೂ ಜಾರುತ್ತದೆ. ಕಾವೇರಿಯಿಂದ ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಎಣಿಕೆ ತಪ್ಪಿದರೆ

ಮೊದಲು ನಿಂತಲ್ಲೇ ನಿಲ್ಲಿ. ಕೊನೆಯ ಸಲ ಎಣಿಕೆ ಸರಿ ಬಂದಿದ್ದು ಎಲ್ಲಿ, ಎಷ್ಟು ಹೊತ್ತಿಗೆ ಎಂದು ಜ್ಞಾಪಿಸಿಕೊಳ್ಳಿ. ಹುಡುಕಬೇಕಾದ್ದು ಅಲ್ಲಿಂದ ಇಲ್ಲಿಯವರೆಗೆ ಮಾತ್ರ. ಕಸ ಎತ್ತುವುದನ್ನು ನಿಲ್ಲಿಸಿ. ಯಾರ ಮೇಲೂ ಬಾಯಿ ಬಿಡಬೇಡಿ.

ಕಳುವಾಗಿದೆ ಎಂದು ಅನ್ನಿಸಿದರೆ ತಡ ಮಾಡದೆ 112ಕ್ಕೆ ಕರೆ ಮಾಡಿ. ರೈಲಿನಲ್ಲಾದರೆ 139. ಟಿಟಿಇ ಅಥವಾ ರೈಲ್ವೆ ಪೊಲೀಸರಿಗೆ ರೈಲಿನಲ್ಲೇ ದೂರು ಕೊಡಬಹುದು, ಪ್ರಯಾಣ ಬಿಟ್ಟು ಇಳಿಯಬೇಕಿಲ್ಲ. ಬಸ್ಸಿನಲ್ಲಾದರೆ ಕಂಡಕ್ಟರ್‌ಗೆ ಹೇಳಿ, ಟಿಕೆಟ್ ಜೋಪಾನವಾಗಿಡಿ. ದಾರಿಯಲ್ಲಿ ಎಲ್ಲಿ ಹೋಯಿತು ಎಂದು ತಿಳಿಯದಿದ್ದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಆಗ ನಿಮ್ಮ ಪುಸ್ತಕ ಬೇಕಾಗುತ್ತದೆ. "ಒಂದು ಚಿನ್ನದ ಸರ" ಎಂದು ಬರೆಸುವುದಕ್ಕೂ ತೂಕ, ಎಚ್‌ಯುಐಡಿ, ನಾಣ್ಯದ ಪಕ್ಕ ಇಟ್ಟ ಫೋಟೋ ಕೊಟ್ಟು ಬರೆಸುವುದಕ್ಕೂ ಬಹಳ ವ್ಯತ್ಯಾಸ. ಒಡವೆ ಸಿಕ್ಕ ಮೇಲೂ ನ್ಯಾಯಾಲಯದ ಆದೇಶದ ಮೂಲಕ ಬಿಡಿಸಿಕೊಳ್ಳಬೇಕು, ಅಲ್ಲಿಯೂ ನಿಮ್ಮದೇ ಎಂದು ತೋರಿಸಬೇಕು. ಅಜ್ಜಿಯ ಒಡವೆಯಾದರೆ ಹಳೇ ಮದುವೆ ಆಲ್ಬಮ್‌ನಲ್ಲಿ ಅದನ್ನು ಹಾಕಿಕೊಂಡ ಫೋಟೋ ಹುಡುಕಿಡಿ. ವಿಮೆ ಇದ್ದರೆ ಅವರಿಗೂ ಅದೇ ದಿನ ತಿಳಿಸಿ.

ವಾಪಸ್ ಬಂದ ಮೇಲೆ

ಸುಸ್ತಾಗಿರುತ್ತದೆ, ಚೀಲ ಬೀರುವಿನಲ್ಲಿ ತಳ್ಳಿ ಮಲಗೋಣ ಅನ್ನಿಸುತ್ತದೆ. ಅವತ್ತೇ ಬಿಚ್ಚಿ. ಹಾಸಿಗೆ ಮೇಲೆ ಬಿಳಿ ಪಂಚೆ ಹಾಸಿ ಒಂದೊಂದೇ ಇಡಿ. ಬೆವರು, ಅರಿಶಿನ ಕುಂಕುಮ, ಸೆಂಟು ಎಲ್ಲ ಮೆತ್ತಿರುತ್ತದೆ, ಒಣಬಟ್ಟೆಯಲ್ಲಿ ಒರೆಸಿ. ನೆಂಟರಿಂದ ಎರವಲು ತಂದಿದ್ದನ್ನು ಬೇರೆ ಇಡಿ. ನೀವು ಕೊಟ್ಟಿದ್ದು ಯಾರ ಹತ್ತಿರವಾದರೂ ಇದ್ದರೆ ಆ ರಾತ್ರಿಯೇ ಫೋನ್ ಮಾಡಿ, ವಾರ ಕಳೆದರೆ ಕೇಳಲು ಸಂಕೋಚವಾಗುತ್ತದೆ.

ಸೋಮವಾರ ಬ್ಯಾಂಕ್ ತೆರೆಯುತ್ತಿದ್ದಂತೆ ಹೋಗಿ. ಲಾಕರ್ ಕೋಣೆಯ ಮೇಜಿನ ಮೇಲೆ ಎಲ್ಲ ತೆಗೆದು ಕೊನೆಯ ಸಲ ಎಣಿಸಿ, ಪೆಟ್ಟಿಗೆ ಒಳಗೆ ತಳ್ಳಿ ಬೀಗ ಹಾಕಿ. ಹೊರಡುವ ಮುಂಚೆ ಮೇಜಿನ ಮೇಲೆ, ಕೆಳಗೆ, ಕುರ್ಚಿಯ ಸಂದಿಯಲ್ಲಿ ಒಮ್ಮೆ ಕೈಯಾಡಿಸಿ. ಬಿಡಿ ತಿರುಪುಗಳು ಬೀಳುವುದು ಅಲ್ಲೇ. ಲಾಕರ್ ತೆರೆದಿದ್ದಕ್ಕೆ ಬ್ಯಾಂಕಿನಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಅದು ಬಂದಿದೆಯಾ ನೋಡಿಕೊಂಡು, ಪುಸ್ತಕದಲ್ಲಿ ತಾರೀಖು ಹಾಕಿ, ಪಕ್ಕದಲ್ಲಿ 11 ಎಂದು ಬರೆಯಿರಿ.